ಅರ್ಥವಾಯಿತೇ ಎಂದು ಕೇಳಿದ್ದೀರಲ್ಲ

ಮನೆಯ ಮುಂದಿನ ಕೆಲಸದ ಕೋಣೆಯಿಂದ,
ಮಂಗಳವಾರ, ಹತ್ತೊಂಬತ್ತನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆ.

ಪ್ರೀತಿಯ ಭಂತೇ,

ಹೀಗೆ ಶುರು ಮಾಡಬಹುದೋ ಬಾರದೋ ನನಗೆ ಗೊತ್ತಿಲ್ಲ. ಮೊದಲು "ಪೂಜ್ಯ" ಎಂದು ಬರೆದೆ. ಅದು ಯಾವುದೋ ಸಂಘದವರು ಸಭೆಗೆ ಕರೆಯುವ ಹಾಗೆ ಕಂಡಿತು, ಹರಿದು ಹಾಕಿದೆ. ಆಮೇಲೆ "ಪ್ರೀತಿಯ" ಎಂದು ಬರೆದು ಮುಂದೆ ನಿಮ್ಮ ಹೆಸರು ಬರೆಯಲು ಹೋದೆ. ಆ ಹೆಸರನ್ನು ನೀವು ಒಂಬತ್ತು ವರ್ಷದ ಹಿಂದೆ ತಲೆಗೂದಲಿನ ಜೊತೆಗೇ ತೆಗೆಸಿ ಹಾಕಿದ್ದು ನೆನಪಾಗಿ ಅದನ್ನೂ ಹರಿದೆ. ಈ ಮೂರನೇ ಹಾಳೆಯಲ್ಲಿ "ಪ್ರೀತಿಯ" ಜೊತೆಗೆ ಭಿಕ್ಷುಗಳನ್ನು ಗೌರವದಿಂದ ಕರೆಯುವ "ಭಂತೇ" ಸೇರಿಸಿ ಕಲಸಿಬಿಟ್ಟಿದ್ದೇನೆ. ಗಂಡನಾಗಿದ್ದವರು ಭಿಕ್ಷುವಾದರೆ ಪತ್ರದ ಮೇಲೆ ಏನು ಬರೆಯಬೇಕು ಎಂದು ನಿಮ್ಮ ನಿಯಮದ ಪುಸ್ತಕದಲ್ಲಿ ಇದ್ದರೆ ತಿಳಿಸಿ, ಮುಂದಿನ ಸಲ ತಿದ್ದಿಕೊಳ್ಳುತ್ತೇನೆ.

ನಿಮ್ಮ ಮಂಡಿನೋವು ಹೇಗಿದೆ? ಇಲ್ಲಿಂದ ಹೋಗುವಾಗ ಮೆಟ್ಟಿಲು ಇಳಿಯಲು ಕಷ್ಟಪಡುತ್ತಿದ್ದಿರಿ ಎಂದು ಪಕ್ಕದ ಮನೆಯ ಪೇಪರ್ ಮಾವ ಹೇಳಿದರು. ನೆಲದ ಮೇಲೆ ಗಂಟೆಗಟ್ಟಲೆ ಕೂರುವವರು ಬಿಸಿನೀರಿನ ಶಾಖವನ್ನಾದರೂ ಕೊಟ್ಟುಕೊಳ್ಳಿ, ಅದಕ್ಕೆ ಯಾವ ಶೀಲವೂ ಅಡ್ಡ ಬರಲಿಕ್ಕಿಲ್ಲ. ಇಲ್ಲಿ ಅತ್ತೆ ಚೇತರಿಸಿಕೊಂಡಿದ್ದಾರೆ. ಎದೆಯ ಕಫ ಇಳಿದಿದೆ, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬರುತ್ತಾರೆ. ನನ್ನನ್ನು ಬೈಯಲು ಶುರು ಮಾಡಿದ್ದಾರೆ ಎಂದರೆ ನಿಮಗೇ ತಿಳಿಯುತ್ತದೆ, ಗುಣವಾಗಿದ್ದಾರೆ. ಕಾಯಿಲೆಯಲ್ಲಿ ವಸಡು ಸೊರಗಿ ನಾನು ಮಾಡಿಕೊಟ್ಟ ಕೆಳಗಿನ ಹಲ್ಲಿನ ಸೆಟ್ಟು ಸಡಿಲವಾಗಿದೆ, ಮಾತಾಡಿದರೆ ಟಕಟಕ ಎನ್ನುತ್ತದೆ. "ಊರವರಿಗೆಲ್ಲ ಹಲ್ಲು ಕಟ್ಟಿಕೊಡ್ತೀಯ, ಅತ್ತೆ ಬಾಯಲ್ಲಿ ಮಾತ್ರ ಕುದುರೆ ಓಡಿಸ್ತೀಯ" ಎಂದು ನಿನ್ನೆ ಇಡೀ ದಿನ ಹಾಡಿಕೊಂಡರು. ಹೊಸ ಅಚ್ಚು ತೆಗೆದಿದ್ದೇನೆ, ಪ್ಲಾಸ್ಟರ್ ಸುರಿದಿದ್ದೇನೆ. ಅದು ಗಟ್ಟಿಯಾಗಲು ಮುಕ್ಕಾಲು ಗಂಟೆ ಬೇಕು. ಅಷ್ಟರೊಳಗೆ ಈ ಪತ್ರ ಮುಗಿಸಬೇಕೆಂದು ಕೂತಿದ್ದೇನೆ, ಏಕೆಂದರೆ ಬೇರೆ ಹೊತ್ತಿನಲ್ಲಿ ಕೂತರೆ ಇದು ಪತ್ರವಾಗದೆ ಬರೀ ಬೈಗುಳವಾಗುತ್ತದೆ.

ನಿಮ್ಮ ಪತ್ರ ಶುಕ್ರವಾರ ಬಂತು. ನಾಲ್ಕು ದಿನದಿಂದ ಏಪ್ರನ್ನಿನ ಜೇಬಿನಲ್ಲೇ ಇದೆ, ಒಂದು ಮೂಲೆಗೆ ಮೇಣ ಮೆತ್ತಿಕೊಂಡಿದೆ. ಓದಿದಷ್ಟೂ ಮೈ ಉರಿಯುತ್ತದೆ. ಮೂರು ಪುಟ ಬರೆದಿದ್ದೀರಿ, ಕೇಳಿರುವುದು ಒಂದೇ ಮಾತು. ಅತ್ತೆಯ ಕಾಯಿಲೆಗೆಂದು ಬಂದ ನೀವು ಏಳನೆಯ ದಿನ ಮಧ್ಯಾಹ್ನ ಈ ಕೋಣೆಯ ಬಾಗಿಲಲ್ಲಿ ನಿಂತು "ನಾನಿನ್ನು ಭಿಕ್ಷು ಅಲ್ಲ, ಬಿಟ್ಟೆ" ಎಂದಿರಲ್ಲ, ಅದು ನನಗೆ ಅರ್ಥವಾಗಿತ್ತೇ ಎಂದು. ಭಿಕ್ಷುವಾಗಬೇಕಾದರೆ ಹಿರಿಯರ ಸಭೆ ಸೇರಬೇಕು, ಮೂರು ಸಲ ಸಾರಬೇಕು, ಯಾರೂ ಬೇಡವೆನ್ನಬಾರದು. ಬಿಡಬೇಕಾದರೆ ಎದುರಿಗೆ ಒಬ್ಬ ಮನುಷ್ಯ ಇದ್ದರೆ ಸಾಕಂತೆ. ಹೇಳುವವನು ಮನಸ್ಸಿಟ್ಟು ಹೇಳಬೇಕು, ಕೇಳಿದವರಿಗೆ ಅದು ಅರ್ಥವಾಗಬೇಕು. ಅಷ್ಟಾದರೆ ಮುಗಿಯಿತು, ಮೈಮೇಲೆ ಭಿಕ್ಷುವಿನ ಬಟ್ಟೆ, ಚೀವರ, ಇದ್ದರೂ ಆತ ಗೃಹಸ್ಥನೇ. ಅರ್ಥವಾಗದಿದ್ದರೆ ಮಾತು ಗಾಳಿಗೆ ಹೋಯಿತು, ಭಿಕ್ಷು ಭಿಕ್ಷುವೇ. ಮನಸ್ಸಿಟ್ಟೇ ಹೇಳಿದೆ ಎಂದು ನೀವು ಹಿರಿಯ ಭಂತೆಯವರ ಮುಂದೆ ಒಪ್ಪಿಕೊಂಡಿದ್ದೀರಿ. ಉಳಿದದ್ದು ನನ್ನ ಅರ್ಥ ಒಂದೇ. ಈ ಮಳೆಗಾಲ ಕಳೆದರೆ ನಿಮಗೆ ಭಿಕ್ಷುವಾಗಿ ಹತ್ತು ಮಳೆಗಾಲ ತುಂಬಿ ನೀವೂ ಹಿರಿಯರ ಸಾಲಿಗೆ ಸೇರುತ್ತೀರಿ. ನನಗೆ ಅರ್ಥವಾಗಿತ್ತು ಎಂದಾದರೆ ಒಂಬತ್ತು ವರ್ಷವೂ ಅಳಿಸಿ ಹೋಗಿ, ಮತ್ತೆ ಮೊದಲಿನಿಂದ ದೀಕ್ಷೆ ತೆಗೆದುಕೊಂಡು, ಮೊನ್ನೆ ಮೊನ್ನೆ ಮೀಸೆ ಬಂದವರ ಹಿಂದೆ ಸಾಲಿನ ತುದಿಯಲ್ಲಿ ಕೂರಬೇಕು. ನನ್ನ ಉತ್ತರ ಬರುವ ತನಕ ಬೇರೆಯಾಗಿ, ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಕೂತು ಊಟ ಮಾಡುತ್ತಿದ್ದೀರಂತೆ. ಅದನ್ನು ಓದಿ ಪಾಪ ಎನಿಸಿತು. ಮುಂದಿನ ಸಾಲು ಓದಿದ ಮೇಲೆ ಪಾಪ ಎನಿಸಿದ್ದಕ್ಕೇ ಸಿಟ್ಟು ಬಂತು.

ಮುಂದಿನ ಸಾಲು ಇದು: "ಅಂದು ನೀವು ಕೆಲಸದ ಅವಸರದಲ್ಲಿದ್ದಿರಿ, ದಣಿದವನ ಮಾತು ಎಂದು ತಿಳಿದು ಮನಸ್ಸಿಗೆ ಹಚ್ಚಿಕೊಂಡಿರಲಿಕ್ಕಿಲ್ಲ." ಆಹಾ! ಪ್ರಶ್ನೆಯ ಬಾಯಿಗೆ ಉತ್ತರವನ್ನೂ ತುರುಕಿ ಕಳಿಸಿದ್ದೀರಿ. ಸುಳ್ಳು ಹೇಳಬಾರದು ಎಂಬ ಶೀಲ ನಿಮಗಿದೆ, ಅದಕ್ಕೆ ಸುಳ್ಳು ಹೇಳುವ ಕೆಲಸವನ್ನು ನನಗೆ ವಹಿಸಿದ್ದೀರಿ. ಬಟ್ಟೆ ಒಗೆಯಲು ಕೊಟ್ಟ ಹಾಗೆ. ನಾನು "ಅಯ್ಯೋ, ನನಗೇನು ತಿಳಿಯುತ್ತದೆ, ನಾನು ಮೇಣ ಕೆರೆಯುತ್ತಿದ್ದೆ" ಎಂದು ಒಂದು ಸಾಲು ಬರೆದರೆ ನೀವು ಕೈ ತೊಳೆದುಕೊಂಡು ಸಾಲಿನಲ್ಲಿ ನಿಮ್ಮ ಜಾಗಕ್ಕೆ ಹೋಗಿ ಕೂರುತ್ತೀರಿ. ನೀವು ಬೇಕೆಂದೇ ಹೀಗೆ ಮಾಡಿದಿರಿ ಎಂದು ಹೇಳುತ್ತಿಲ್ಲ. ಬೇಕೆಂದು ಮಾಡುವಷ್ಟು ಚಾಲಾಕಿ ನಿಮಗೆ ಮೊದಲೂ ಇರಲಿಲ್ಲ. ಆದರೆ ಅಕ್ಷರಗಳೇ ಹಾಗೆ ವಾಲಿವೆ, ನೋಡಿದವರಿಗೆ ಕಾಣುತ್ತದೆ.

ಆ ಏಳು ದಿನದ ಬಗ್ಗೆ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಹೊಟ್ಟೆಯೊಳಗೇ ಕೊಳೆಯುತ್ತದೆ. ಮಳೆಗಾಲದ ಮೂರು ತಿಂಗಳು ಭಿಕ್ಷು ವಿಹಾರ ಬಿಟ್ಟು ಕದಲಬಾರದು, ತಾಯಿಗೆ ಕಾಯಿಲೆಯಾದರೆ ಮಾತ್ರ ಏಳು ದಿನ ಹೋಗಿ ಬರಬಹುದು, ಕರೆಯದಿದ್ದರೂ ಹೋಗಬಹುದು ಎಂದು ನೀವು ಬರೆದಾಗ ನನಗೆ ನಿಮ್ಮ ನಿಯಮಗಳ ಮೇಲೆ ಮೊದಲ ಸಲ ಪ್ರೀತಿ ಬಂದಿತ್ತು. ಆ ಪ್ರೀತಿ ನೀವು ಹೊಸ್ತಿಲು ದಾಟುವವರೆಗೆ ಇತ್ತು. ಬಂದವರೇ ಒಳಗೆ ಯಾರಾದರೂ ಗಂಡಸರು ಇದ್ದಾರೆಯೇ ಎಂದು ಕೇಳಿದಿರಿ. ಹೆಂಗಸರಿರುವ ಕೋಣೆಯಲ್ಲಿ ಭಿಕ್ಷು ಒಬ್ಬನೇ ಕೂರಬಾರದಂತೆ, ಆ ಹೆಂಗಸರು ಎಪ್ಪತ್ತಾರು ವರ್ಷದ ತಾಯಿ, ಹನ್ನೊಂದು ವರ್ಷದ ಮಗಳು ಮತ್ತು ಮೊಣಕೈವರೆಗೆ ಪ್ಲಾಸ್ಟರ್ ಮೆತ್ತಿಕೊಂಡ ನಾನಾದರೂ ಸರಿ. ನಾನು ಓಡಿ ಹೋಗಿ ಪೇಪರ್ ಮಾವನನ್ನು ಕರೆತಂದೆ. ನಿವೃತ್ತರಾಗಿ ಹನ್ನೆರಡು ವರ್ಷವಾದ ಮನುಷ್ಯ, ಪಾಪ, ಅವರಿಗೆ ಮತ್ತೆ ಕೆಲಸ ಸಿಕ್ಕಿತು. ದಿನವೂ ಪೇಪರ್ ಹಿಡಿದುಕೊಂಡು ಬಂದು ಮೂಲೆಯ ಕುರ್ಚಿಯಲ್ಲಿ ಕೂತು ನಿಮ್ಮ ಬ್ರಹ್ಮಚರ್ಯ ಕಾದರು. "ಏನಮ್ಮಾ, ಇವತ್ತು ನನ್ನ ಡ್ಯೂಟಿ ಎಷ್ಟು ಗಂಟೆಗೆ?" ಎಂದು ಗೇಟಿನಿಂದಲೇ ಕೂಗುತ್ತಿದ್ದರು. ಬೀದಿಯಲ್ಲಿ ಯಾರಿಗೂ ತಿಳಿಯದೇ ಉಳಿಯಲಿಲ್ಲ.

ಊಟದ ವಿಷಯ ಹೇಳಿದರೆ ನನಗೇ ನಗು ಬರುತ್ತದೆ, ಆಗ ಬಂದಿರಲಿಲ್ಲ. ಹನ್ನೆರಡು ಹೊಡೆದ ಮೇಲೆ ನೀವು ಏನೂ ತಿನ್ನುವುದಿಲ್ಲ. ಯಾರಾದರೂ ಎತ್ತಿ ಕೊಡದ ಹೊರತು ತಟ್ಟೆಯನ್ನು ಮುಟ್ಟುವುದಿಲ್ಲ. ನನಗೆ ಬೆಳಿಗ್ಗೆ ಒಂಬತ್ತಕ್ಕೆ ಹಲ್ಲಿನ ಡಾಕ್ಟರರ ಅಚ್ಚುಗಳು ಬರುತ್ತವೆ, ಹನ್ನೊಂದೂವರೆಗೆ ಅವು ಅರ್ಧ ಕೆಲಸದಲ್ಲಿರುತ್ತವೆ. ಒಂದು ಕೈಯಲ್ಲಿ ಮೇಣದ ಚಾಕು, ಇನ್ನೊಂದು ಕೈಯಲ್ಲಿ ಸೌಟು, ಕಣ್ಣು ಗಡಿಯಾರದ ಮೇಲೆ. ಒಂದು ದಿನ ಯಾರದೋ ಮೇಲಿನ ಸೆಟ್ಟಿಗೆ ಎರಡು ಕೋರೆಹಲ್ಲನ್ನೂ ಒಂದೇ ಕಡೆ ಕೂರಿಸಿಬಿಟ್ಟೆ. ಅತ್ತೆ ಮಲಗಿದಲ್ಲಿಂದಲೇ ಡಬ್ಬಿ ತೋರಿಸಿ "ಬಿಸ್ಕತ್ತಿದೆ ತಗೋ ಮಗಾ, ಮುಖ ಬಾಡಿದೆ" ಎನ್ನುತ್ತಿದ್ದರು, ನೀವು ಡಬ್ಬಿಯನ್ನು ನೋಡುತ್ತಾ ಕೂತಿರುತ್ತಿದ್ದಿರಿ. ಕೊನೆಗೆ ಪೇಪರ್ ಮಾವನೇ ಎದ್ದು ತೆಗೆದುಕೊಟ್ಟು, ತಾವೂ ನಾಲ್ಕು ತಿಂದು ಕೂರುತ್ತಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನೀವು ಸಂಜೆ ಉಣ್ಣುವುದೇ ಇಲ್ಲ, ಮಲಗುವುದು ಪೇಪರ್ ಮಾವನ ಜಗಲಿಯಲ್ಲಿ. ನಮ್ಮ ಜಗಳ ಮುಗಿಯುವುದಾದರೂ ಯಾವಾಗ ಹೇಳಿ.

ಇವೆಲ್ಲ ಸಹಿಸಿಕೊಂಡೆ. ಮಗಳ ವಿಷಯ ಸಹಿಸಲಾಗಲಿಲ್ಲ. ನೀವು ಹೋದಾಗ ಅವಳಿಗೆ ಎರಡು ವರ್ಷ, ನಿಮ್ಮ ಮುಖ ಅವಳಿಗೆ ಫೋಟೋದಲ್ಲಿ ಮಾತ್ರ ಗೊತ್ತು, ಅದರಲ್ಲೂ ತಲೆತುಂಬ ಕೂದಲಿದೆ. ವಾರವಿಡೀ ಕೂತು ನಮ್ಮ ಕೋಣೆಯ ಚಿತ್ರ ಬರೆದಳು, ಮೇಜು, ಪ್ಲಾಸ್ಟರ್ ಬಕೆಟ್ಟು, ಸಾಲಾಗಿ ಒಣಗುವ ಬಾಯಿಗಳು. ಕೊಡಲು ಬಂದಾಗ ನೀವು ಕೈ ಚಾಚಲಿಲ್ಲ. ಒಂದು ಬಟ್ಟೆ ಹಾಸಿದಿರಿ, ಅದರ ಮೇಲೆ ಇಡು ಎಂದಿರಿ. ಅಂಚೆ ಡಬ್ಬಕ್ಕೆ ಹಾಕುವ ಹಾಗೆ ಹಾಕಿ ಬಂದಳು. ಹೆಣ್ಣನ್ನು ಮುಟ್ಟಬಾರದು, ಅವಳ ಕೈಯಿಂದ ನೇರವಾಗಿ ಏನೂ ತೆಗೆದುಕೊಳ್ಳಬಾರದು, ಅದು ನಿಮ್ಮ ವಿಹಾರದ ಪದ್ಧತಿ ಎಂದು ನಾನು ಅವಳಿಗೆ ತಿಳಿಸಿ ಹೇಳಿದೆ, ತಿಳಿಸಿ ಹೇಳುವಷ್ಟು ನಿಮ್ಮ ನಿಯಮಗಳು ನನಗೆ ಬಾಯಿಪಾಠವಾಗಿವೆ. "ನಂಗೆ ಗೊತ್ತು ಬಿಡಮ್ಮಾ" ಎಂದಳು. ಆಮೇಲೆ ಅತ್ತೆ. ಜ್ವರದಲ್ಲಿ ಕೈ ಚಾಚಿದರು, ನೀವು ಚೀವರದ ತುದಿಯನ್ನು ಕೊಟ್ಟಿರಿ. ಅವರು ಅದನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡು ನಿದ್ದೆ ಹೋದರು. ನಾನು ಹಿತ್ತಲಿಗೆ ಹೋಗಿ ಖಾಲಿ ಬಕೆಟ್ಟನ್ನು ಒದ್ದೆ. ಸದ್ದು ಕೇಳಿ ಬೆಕ್ಕು ಎಂದುಕೊಂಡಿರಿ, ಅಲ್ಲವೇ? ಅದು ನಾನು.

ಒಂದು ಒಳ್ಳೆಯ ಗಳಿಗೆಯೂ ಇತ್ತು, ಮುಚ್ಚಿಡುವುದಿಲ್ಲ. ನಾಲ್ಕನೆಯ ದಿನ ಮೇಜಿನ ಮೇಲಿದ್ದ ಒಂದು ಸೆಟ್ಟನ್ನು ದೂರದಿಂದಲೇ ನೋಡಿ "ಬಲಗಡೆ ಕಚ್ಚು ಸ್ವಲ್ಪ ಎತ್ತರ ಆಗಿದೆ, ಉಜ್ಜಬೇಕು" ಎಂದಿರಿ. ಇದು ನೀವು ಬಿಟ್ಟುಹೋದ ಮೇಜು, ನೀವೇ ಕಲಿಸಿದ ಕೆಲಸ. ಮದುವೆಯಾದ ಹೊಸದರಲ್ಲಿ ನನಗೆ ಮುಂಬಲ್ಲು ಕೂರಿಸುವುದನ್ನು ಕಲಿಸುವಾಗ ಇದೇ ದನಿಯಲ್ಲಿ ಹೇಳುತ್ತಿದ್ದಿರಿ. ನೋಡಿದೆ, ನಿಜವಾಗಿಯೂ ಎತ್ತರವಾಗಿತ್ತು. ಉಜ್ಜಿದೆ. ಅವತ್ತು ಸಂಜೆಯವರೆಗೂ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಏಳನೆಯ ದಿನದ್ದು ನಿಮಗೆ ಗೊತ್ತಿರುವುದೇ, ಆದರೂ ನಾನು ಕಂಡದ್ದನ್ನು ಬರೆಯುತ್ತೇನೆ. ಎರಡು ಗಂಟೆಯ ಹೊತ್ತು. ಪೇಪರ್ ಮಾವ ಪೇಪರಿನ ಹಿಂದೆ ಗೊರಕೆ ಹೊಡೆಯುತ್ತಿದ್ದರು. ಅತ್ತೆ ಒಬ್ಬರೇ ಏಳಲು ಹೋಗಿ ಮಂಚದಿಂದ ಜಾರಿದರು. ನಾನು ಸದ್ದು ಕೇಳಿ ಓಡಿ ಬರುವಷ್ಟರಲ್ಲಿ ನೀವು ಅವರನ್ನು ಎರಡು ಕೈಯಲ್ಲಿ ಎತ್ತಿಕೊಂಡಿದ್ದಿರಿ. ಬಟ್ಟೆಯೂ ಇಲ್ಲ, ಚೀವರದ ತುದಿಯೂ ಇಲ್ಲ. ಹಾಸಿಗೆಗೆ ಹಾಕಿ, ಬೆವರು ಒರೆಸಿ, ಮುಖದ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಿರಿ. "ಕೈ ಬಿಡಬೇಡ ಮಗಾ" ಎಂದರು, ನೀವು ಬಿಡಲಿಲ್ಲ. ನಾನು ಬಾಗಿಲಿನಿಂದಲೇ ಹಿಂದಿರುಗಿದೆ, ನೋಡುತ್ತಾ ನಿಂತರೆ ನೀವು ಕೈ ತೆಗೆದುಬಿಡುತ್ತೀರೋ ಎಂದು ಹೆದರಿಕೆಯಾಯಿತು. ಸ್ವಲ್ಪ ಹೊತ್ತಿನ ಮೇಲೆ ಈ ಕೋಣೆಯ ಬಾಗಿಲಿಗೆ ಬಂದಿರಿ. ನಾನು ಒಂದು ಮುಂಬಲ್ಲನ್ನು ಬಿಸಿ ಮೇಣದಲ್ಲಿ ಹಿಡಿದಿದ್ದೆ. ನೀವು ಆ ಮಾತು ಹೇಳಿದಿರಿ. ನಾನು ತಲೆ ಎತ್ತಲಿಲ್ಲ, ನಿಜ. ಮೇಣ ಆರುವ ತನಕ ಕೈ ಅಲುಗಬಾರದು, ಅಲುಗಿದರೆ ಹಲ್ಲು ಸೊಟ್ಟವಾಗುತ್ತದೆ. ಇದು ನೀವೇ ಕಲಿಸಿದ್ದು. ಮೇಣ ಆರಿದ ಮೇಲೆ ತಲೆ ಎತ್ತಿದರೆ ನೀವು ಮತ್ತೆ ಅತ್ತೆಯ ಹತ್ತಿರ ಹೋಗಿ ಕೂತಿದ್ದಿರಿ. ನಾಲ್ಕಕ್ಕೆ ನಾನು ಚೀಲ ಹಿಡಿದು ಅಂಗಡಿಗೆ ಹೋದೆ. ಐದೂಕಾಲಿಗೆ ಬಂದಾಗ ನೀವಿರಲಿಲ್ಲ. "ಏಳು ದಿನ ಮುಗಿದುಹೋಯ್ತಂತೆ, ಐದರ ಬಸ್ಸಿಗೆ ಹೊರಟರಮ್ಮಾ, ಹೇಳಿ ಅಂದರು" ಎಂದು ಪೇಪರ್ ಮಾವ ತಾವೇ ತಪ್ಪು ಮಾಡಿದವರ ಹಾಗೆ ನಿಂತಿದ್ದರು. ಭಿಕ್ಷು ಅಲ್ಲದವರಿಗೆ ಏಳು ದಿನದ ಗಡುವು ಯಾಕೆ? ಇದನ್ನು ನಿಮ್ಮ ಹಿರಿಯ ಭಂತೆಯವರು ಕೇಳಲಿಲ್ಲವೇ? ನಾನು ಮೂರು ವಾರದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ನನಗೆ ತಲೆಕೆಡುವುದು ಎಲ್ಲಿ ಎಂದರೆ, ಒಂಬತ್ತು ವರ್ಷದ ಹಿಂದೆ ನೀವು ಹೋಗುವಾಗ ವಿಹಾರದವರು ನಿಮ್ಮ ಅಮ್ಮನ ಒಪ್ಪಿಗೆ ತನ್ನಿ ಎಂದರು. ಅತ್ತೆ ಅಳುತ್ತಾ ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ. ನಿಯಮದಲ್ಲಿ ತಂದೆ ತಾಯಿ ಇದ್ದಾರೆ, ಹೆಂಡತಿ ಇಲ್ಲ ಎಂದು ನೀವೇ ತಣ್ಣಗೆ ವಿವರಿಸಿದಿರಿ. ಆಗ ಲೆಕ್ಕಕ್ಕಿಲ್ಲದವಳು ಈಗ ಸಾಕ್ಷಿಯಾಗಿದ್ದೇನೆ! ನೀವು ಯಾರು ಎಂಬುದು ನನ್ನ ತಲೆಯೊಳಗೆ ಅವತ್ತು ಏನಾಯಿತು ಎಂಬುದರ ಮೇಲೆ ನಿಂತಿದೆ. ಸರಿ, ಹಾಗಾದರೆ ನಾನು ಯಾರು? ಮಗಳ ಶಾಲೆಯ ಫಾರಮ್ಮಿನಲ್ಲಿ ತಾಯಿಯ ಮುಂದೆ ಮೂರು ಚೌಕಗಳಿವೆ, ವಿವಾಹಿತೆ, ವಿಧವೆ, ವಿಚ್ಛೇದಿತೆ. ಪ್ರತಿ ವರ್ಷ ಗುಮಾಸ್ತೆ ಪೆನ್ನು ಹಿಡಿದು ನನ್ನ ಮುಖ ನೋಡುತ್ತಾಳೆ. ಭಿಕ್ಷುವಿನ ಹೆಂಡತಿ ಎಂದು ಜನ ನನ್ನ ಮುಂದೆ ದನಿ ತಗ್ಗಿಸುತ್ತಾರೆ, ಜೋರಾಗಿ ನಕ್ಕರೆ ಅಚ್ಚರಿಪಡುತ್ತಾರೆ. ನನಗಾಗ ಇಪ್ಪತ್ತೆಂಟು, ಈಗ ಮೂವತ್ತೇಳು. ಸಭೆಯಲ್ಲಿ ವ್ರತ ತೊಟ್ಟವರು ನೀವು, ಮನೆಯಲ್ಲಿ ಕೂತು ಪಾಲಿಸಿದವಳು ನಾನೂ ಹೌದು. ನಿಮ್ಮದಕ್ಕೆ ಚೀವರವಿದೆ, ಹೊಸ ಹೆಸರಿದೆ, ಜೊತೆಗೆ ಕೂರಲು ಇಪ್ಪತ್ತು ಜನ ಇದ್ದಾರೆ. ನಿಮಗೆ ಸಾಕೆನಿಸಿದರೆ ಬಿಡುವ ದಾರಿಯೂ ಇದೆ. ನನ್ನದಕ್ಕೆ ಈ ಏಪ್ರನ್ ಬಿಟ್ಟರೆ ಏನೂ ಇಲ್ಲ. ನಾನು ಇದನ್ನು ಯಾವತ್ತು ತೊಟ್ಟೆ ಎಂದು ನನಗೇ ನೆನಪಿಲ್ಲ. ನೀವು ಕೆಟ್ಟವರು ಎನ್ನುತ್ತಿಲ್ಲ. ನೀವು ಕೆಟ್ಟವರಾಗಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಬೆರಳಿನಿಂದ ತಟ್ಟಿ ನೋಡಿದೆ, ಪ್ಲಾಸ್ಟರ್ ಗಟ್ಟಿಯಾಗಿದೆ. ಅತ್ತೆಗೆ ನಿಮ್ಮ ಪತ್ರದ ವಿಷಯ ಹೇಳಿಲ್ಲ, ಅವರ ಎದೆಗೆ ಈಗ ತಾನೆ ಉಸಿರು ಬಂದಿದೆ. "ಹೊತ್ತಿಗೆ ಸರಿಯಾಗಿ ಉಣ್ಣು ಅಂತ ಬರಿ" ಎಂದಿದ್ದಾರೆ, ಬರೆದಿದ್ದೇನೆ. ಮಗಳು ನಮಸ್ಕಾರ ತಿಳಿಸಿದ್ದಾಳೆ. ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡಿದ್ದೀರಾ, ಅದಕ್ಕೂ ಏನಾದರೂ ನಿಯಮ ಇದೆಯಾ ಎಂದು ಕೇಳಿದ್ದಾಳೆ. ಆಶೀರ್ವಾದ ಮಾಡುವವರು ನೀವು, ನಾನು ಮಾಡಿದರೆ ತಲೆಕೆಳಗಾಗುತ್ತದೆ. ಆದರೂ ನೆಮ್ಮದಿಯಾಗಿರಿ, ಮಂಡಿ ನೋಡಿಕೊಳ್ಳಿ.

ಇಂತಿ,
ಬೀದಿಯವರ ಬಾಯಲ್ಲಿ ಹಲ್ಲಿನ ಮನೆಯವಳು.

ಮರೆತದ್ದು: ಪೇಪರ್ ಮಾವ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಅರ್ಥವಾಗಿತ್ತು. ನೀವು ಹೇಳಿದ ಕ್ಷಣದಲ್ಲೇ, ಪೂರ್ತಿ. ಅಂಗಡಿಗೆ ಓಡಿದ್ದು ಅದಕ್ಕೇ. ರಾತ್ರಿಯ ಊಟಕ್ಕೆ ನಿಮಗೂ ಸೇರಿಸಿ ಸಾಮಾನು ತಂದಿದ್ದೆ, ನೀವಿಲ್ಲವೆಂದು ತಿಳಿದ ಮೇಲೂ ಅಷ್ಟೂ ಅಡುಗೆ ಮಾಡಿ ನಾಲ್ಕು ತಟ್ಟೆ ಹಾಕಿದೆ. ಹೋಗಿ ಬರುವ ದಾರಿಯುದ್ದಕ್ಕೂ ನನಗಿದ್ದ ಸಂತೋಷ ಈ ಒಂಬತ್ತು ವರ್ಷದಲ್ಲಿ ಒಂದು ದಿನವೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಇದನ್ನು ಹಿರಿಯ ಭಂತೆಯವರಿಗೆ ಓದಿ ಹೇಳಿ. ಮತ್ತೆ ದೀಕ್ಷೆ ತೆಗೆದುಕೊಳ್ಳಿ, ಸಾಲಿನ ತುದಿಯಲ್ಲಿ ಕೂರಿ. ಐದರ ಬಸ್ಸು ಹತ್ತಿದವರ ಜಾಗ ಅಲ್ಲಿಯೇ, ಇಲ್ಲಿ ಅಲ್ಲ. ಇನ್ನೊಂದು ಮಾತು, ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ: ನಾನೂ ಬಿಟ್ಟೆ. ನಾನಿನ್ನು ಭಿಕ್ಷುವಿನ ಹೆಂಡತಿ ಅಲ್ಲ. ಅತ್ತೆ ನನ್ನವರು, ಮಗಳು ನನ್ನವಳು, ಅವರನ್ನಲ್ಲ ಬಿಟ್ಟದ್ದು. ಕೇಳಿದವರಿಗೆ ಅರ್ಥವಾದರೆ ಮಾತ್ರ ಇದು ನಡೆಯುತ್ತದಂತಲ್ಲ. ಅರ್ಥವಾಯಿತು ಎಂದು ಒಂದು ಸಾಲು ಬರೆದು ಹಾಕಿ. ಬೇರೇನೂ ಬರೆಯಬೇಡಿ.